ಕರಗಲಿಲ್ಲ

ನನ್ನ ಕೈಬರಹದಲ್ಲಿ ಅತಿ ಹೆಚ್ಚು ಸಲ ಬಂದಿರುವ ಮಾತು
ಹೆಂಡತಿಯ ಹೆಸರಲ್ಲ, ದೇವರದ್ದೂ ಅಲ್ಲ.
'ಕರಗಲಿಲ್ಲ.'
ಮೂವತ್ತೊಂದು ವರ್ಷ, ಅರವತ್ತೆರಡು ನೋಟ್‌ಬುಕ್ಕು,
ಮೈಸೂರಿನ ಫಾರ್ಮಸಿ ಕಾಲೇಜಿನ ಹಿಂಬದಿಯ ಲ್ಯಾಬು,
ಇಷ್ಟು ಮಿಲಿಗ್ರಾಂ ಪುಡಿ, ಇಷ್ಟು ನೀರು,
ಇಡೀ ರಾತ್ರಿ ಕುಲುಕು, ಬೆಳಿಗ್ಗೆ ಸೋಸು,
ಬರೆ: ಕರಗಲಿಲ್ಲ.

ಕರಗಿದ್ದು ಪೇಪರಿಗೆ ಹೋಯಿತು, ಪ್ರೊಫೆಸರಿಗೆ ಹೋಯಿತು.
ಕರಗದ್ದು ನನ್ನ ಹತ್ತಿರ ಉಳಿಯಿತು,
ಬೀರುವಿನ ಕೆಳಗಿನ ಅರೆಯಲ್ಲಿ, ನುಸಿಗುಳಿಗೆಯ ಜೊತೆ.

ಹೋದ ಜೂನಿನಲ್ಲಿ ತಸ್ಮಿಯಾ ಬಂದಳು,
ರಿಸರ್ಚ್ ಸ್ಕಾಲರು, ಉದಯಗಿರಿಯ ಹುಡುಗಿ,
ಬಿಳಿ ಕೋಟಿನ ಜೇಬಲ್ಲಿ ಹುರಿಗಡಲೆ.
"ಜವರಪ್ಪ ಸಾರ್, ನಿಮ್ಮ ಹಳೇ ನೋಟ್‌ಬುಕ್ಕು ಬೇಕು."
ಸಾರ್! ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದರೇನೋ ಅಂತ.
"ಮಿಷನ್ನಿಗೆ ಹೂಂ ಅನ್ನೋದು ಮಾತ್ರ ಗೊತ್ತು ಸಾರ್.
ಉಹೂಂ ಅನ್ನೋದನ್ನ ಯಾರೂ ಪ್ರಿಂಟೇ ಮಾಡ್ಸಿಲ್ಲ.
ಅದು ಇರೋದು ನಿಮ್ಮ ಹತ್ರ."

ಹೇಗಮ್ಮ ಕಲಿಯುತ್ತೆ ಅದು, ಅಂದೆ.
ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಣು ಬರೆದಳು.
"ಒಂದೊಂದು ಪರಮಾಣುವೂ ಪಕ್ಕದವರನ್ನ ವಿಚಾರಿಸುತ್ತೆ,
ನೀನ್ಯಾರು, ನಿನ್ನ ಪಕ್ಕ ಯಾರು.
ನಾಲ್ಕು ಸುತ್ತು ಮುಗಿಯೋ ಹೊತ್ತಿಗೆ
ಈ ತುದೀಲಿರೋ ಆಕ್ಸಿಜನ್ನಿಗೆ
ಆ ತುದಿಯ ಕ್ಲೋರಿನ್ ಮನೆ ಸುದ್ದಿ ಗೊತ್ತು."
ಅಷ್ಟೇ ತಾನೆ. ನಮ್ಮ ಯಲಿಯೂರಿನ ನಲ್ಲಿಕಟ್ಟೆಗೆ
ನಾಲ್ಕು ಸುತ್ತೂ ಬೇಡ.

ನನ್ನಪ್ಪ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ.
ಕೊಪ್ಪರಿಗೆಯಿಂದ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು
ಎರಡು ಬೆರಳಲ್ಲಿ ಹಿಸುಕಿ, ಇಳಿಸ್ರೋ, ಅನ್ನುತ್ತಿದ್ದ.
ಎಷ್ಟು ಕೊಪ್ಪರಿಗೆ ಕೆಡಿಸಿ ಕಲಿತನೋ, ಯಾರೂ ಬರೆದಿಡಲಿಲ್ಲ.

ದೀಪಾವಳಿವರೆಗೂ ಟೈಪು ಮಾಡಿದಳು.
ನನ್ನ ಏಳು ಅವಳಿಗೆ ಒಂದರ ಹಾಗೆ ಕಾಣುತ್ತಿತ್ತು;
ಪಕ್ಕ ಕೂತು ಓದಿ ಹೇಳಿದೆ.
ಆಮೇಲೊಂದು ದಿನ ಚಿತ್ರ ತೋರಿಸಿದಳು:
ಓರೆಗೆರೆ, ಅದಕ್ಕಂಟಿ ಇರುವೆ ಸಾಲಿನ ಹಾಗೆ ಸಾವಿರಾರು ಚುಕ್ಕಿ,
ಒಂದು ಮಾತ್ರ ಸಾಲು ಬಿಟ್ಟು, ದೂರ.
"ಇದು ಕರಗಬೇಕು ಅನ್ನುತ್ತೆ ಮಿಷನ್ನು. ನೀವು ಇಲ್ಲ ಅಂತ ಬರೆದಿದ್ದೀರ.
ಬುಕ್ಕು ಇಪ್ಪತ್ಮೂರು, ಪುಟ ನಲವತ್ತು. ನೆನಪಿದೆಯಾ ಸಾರ್?"

ನೆನಪಿದೆ.
ಕುಲುಕುವ ಮಿಷನ್ನಿನ ಬೆಲ್ಟು ಕಿತ್ತುಹೋಗಿತ್ತು.
ಬೆಳಿಗ್ಗೆ ಟೇಬಲ್ ಬೇಕು ಅಂದಿದ್ದರು ಮೇಷ್ಟ್ರು.
ಎಂಟು ಗಂಟೆ ಪ್ಯಾಸೆಂಜರ್ ತಪ್ಪಿದರೆ ಊರಿಗೆ ಗಾಡಿಯಿಲ್ಲ.
ಅದರ ಅಣ್ಣತಮ್ಮಂದಿರು ಯಾರೂ ಕರಗಿರಲಿಲ್ಲ,
ಇದೊಂದು ಕರಗೀತೇ ಅಂತ
ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಬರೆದೆ.
ಇಪ್ಪತ್ತೆರಡು ವರ್ಷ ಯಾವ ಇನ್ಸ್‌ಪೆಕ್ಟರೂ ಹಿಡಿಯದ್ದನ್ನು
ಎಳ್ಳುಕಾಳಿನಷ್ಟು ಚುಕ್ಕಿ ಹಿಡಿದಿತ್ತು.

ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ,
ಒಂದು ಹಿಡಿ ಹುರಿಗಡಲೆ ಕೊಟ್ಟಳು.
ಪುಡಿ ಇನ್ನೂ ಇತ್ತು, ಕಂದು ಸೀಸೆಯಲ್ಲಿ, ನನ್ನದೇ ಅಕ್ಷರದ ಲೇಬಲ್ಲು.
ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಸಿಕೊಂಡು ಬಂದಳು.
ತೂಗಿದೆ. ತಕ್ಕಡಿಯ ಕೊನೆಯ ಅಂಕಿ ನಿಲ್ಲಲಿಲ್ಲ; ಕಾದೆ.
ಇಪ್ಪತ್ತೈದು ಡಿಗ್ರಿ, ಇಪ್ಪತ್ತನಾಲ್ಕು ಗಂಟೆ.
ಆ ರಾತ್ರಿ ಗಾಡಿ ಹಿಡಿಯಲಿಲ್ಲ.
ಸ್ಟೂಲಿನ ಮೇಲೆ ಕೂತು, ಫ್ಲಾಸ್ಕುಗಳು ತಲೆಯಾಡಿಸುವುದನ್ನು ನೋಡಿದೆ.
ಹೂಂ, ಹೂಂ, ಹೂಂ.
ಅಥವಾ ಉಹೂಂ. ಆ ಕುಲುಕಿನಲ್ಲಿ ಯಾವುದೆಂದು ತಿಳಿಯದು.

ಮಾರನೇ ದಿನ, ಕುಕ್ಕರಹಳ್ಳಿ ಕೆರೆ ಕಡೆ
ಕೊಕ್ಕರೆಗಳು ವಾಪಸು ಹೋಗುವ ಹೊತ್ತಿಗೆ ನಿಲ್ಲಿಸಿದೆ.
ತಳದಲ್ಲಿ ಪುಡಿ, ಹಾಕಿದಷ್ಟೂ ಹಾಗೇ ಕೂತಿತ್ತು.
ಮಿಷನ್ನು ತಪ್ಪಿತ್ತು. ನಾನು ಸರಿ ಇದ್ದೆ,
ನೋಡದೇನೇ.

ಖುಷಿಯಾಗಬೇಕಿತ್ತು.
ತಸ್ಮಿಯಾ ಹಳೆಯ ಅಂಕಿ ಅಳಿಸಿ ಹೊಸದು ಹೊಡೆದಳು. ಸೊನ್ನೆ.
ಮೊದಲೂ ಸೊನ್ನೆಯೇ ಇತ್ತು.
ಮಿಷನ್ನಿಗೆ ಏನೂ ಆಗಿಲ್ಲ.
ನಾಳೆ ಎಲ್ಲೋ, ಯಾರೂ ಇನ್ನೂ ಮಾಡದ ಮಾತ್ರೆಯ ಬಗ್ಗೆ
ಅದು ಈ ಸೊನ್ನೆಯನ್ನೂ ಒಂದು ಮಾತು ಕೇಳುತ್ತದೆ.
ಕೇಳಲಿ.
ಈಗ ಇದರ ಕೆಳಗೆ ನೆಲ ಇದೆ.